ಆಟಕ್ಕುಂಟು, ಲೆಕ್ಕಕ್ಕೆ?

1991ರ ಮೇ ತಿಂಗಳವರೆಗೂ ಅಮೆರಿಕದಲ್ಲಿ ಯಾವ ಆಲ್ಬಂ ನಂಬರ್ ಒನ್ ಎಂದು ತೀರ್ಮಾನವಾಗುತ್ತಿದ್ದುದು ಫೋನಿನಲ್ಲಿ. ಬಿಲ್‌ಬೋರ್ಡ್ ಪತ್ರಿಕೆಯವರು ವಾರಕ್ಕೊಮ್ಮೆ ಆಯ್ದ ರೆಕಾರ್ಡ್ ಅಂಗಡಿಗಳಿಗೆ ಕರೆ ಮಾಡಿ, ಈ ವಾರ ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ವಿಚಾರಿಸುತ್ತಿದ್ದರು. ಕೌಂಟರಿನಲ್ಲಿ ನಿಂತವನು ಹೇಳಿದ್ದೇ ಲೆಕ್ಕ. ಎಷ್ಟು ಪ್ರತಿ ಮಾರಿದಿರಿ ಎಂಬ ಸಂಖ್ಯೆ ಬೇಕಿರಲಿಲ್ಲ. ಇದು ಮೊದಲು, ಇದು ಆಮೇಲೆ ಎಂಬ ಕ್ರಮ ಸಾಕಿತ್ತು. ಅವನ ನೆನಪು, ಅವನ ಅಭಿರುಚಿ, ಗೋದಾಮಿನಲ್ಲಿ ಕರಗದೆ ಬಿದ್ದಿರುವ ಮಾಲು, ರೆಕಾರ್ಡ್ ಕಂಪನಿಯ ಪ್ರತಿನಿಧಿಯ ಜೊತೆಗಿನ ಸ್ನೇಹ, ಎಲ್ಲವೂ ಆ ಕ್ರಮದೊಳಗೆ ಸೇರಿಕೊಳ್ಳುತ್ತಿದ್ದವು.

ನಮಗೆ ಇದು ಅಪರಿಚಿತವೇನಲ್ಲ. ರೇಡಿಯೊ ಸಿಲೋನ್‌ನಲ್ಲಿ ಬುಧವಾರ ರಾತ್ರಿ ಬಿನಾಕಾ ಗೀತ್‌ಮಾಲಾ ಕೇಳಿದ ಹಿರಿಯರು ಈಗಲೂ ನಮ್ಮ ಮನೆಗಳಲ್ಲಿದ್ದಾರೆ. ಅಮೀನ್ ಸಯಾನಿಯವರು ಓದುತ್ತಿದ್ದ ಆ ಪಟ್ಟಿಯೂ ಅಂಗಡಿಗಳ ವರದಿ ಮತ್ತು ಶ್ರೋತೃ ಸಂಘಗಳ ಅಭಿಪ್ರಾಯವನ್ನು ನಂಬಿತ್ತು. ಹಾಡು ಒಂದು ಮೆಟ್ಟಿಲು ಏರಿದರೆ ಸಂಭ್ರಮ, ಇಳಿದರೆ ಬೇಸರ. ಕೇಳುವವರಿಗೆ ಪಟ್ಟಿ ಎಂದರೆ ಜನರ ತೀರ್ಪು. ಆ ತೀರ್ಪನ್ನು ಯಾರನ್ನು ಕೇಳಿ ಬರೆದರು ಎಂಬುದು ಯಾರ ತಲೆಗೂ ಬರುತ್ತಿರಲಿಲ್ಲ.

ಮಕ್ಕಳು ಬೀದಿಯಲ್ಲಿ ಆಡುವಾಗ ತೀರ ಚಿಕ್ಕವರನ್ನು ಸುಮ್ಮನೆ ಸೇರಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಆ ಮಗು ಓಡಬಹುದು, ಕೂಗಬಹುದು, ಔಟಾದರೂ ಔಟಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಮೆರಿಕದ ಸಂಗೀತದಲ್ಲಿ ರ‍್ಯಾಪ್ ಬಹುಕಾಲ ಇದ್ದದ್ದು ಆ ಮಗುವಿನ ಜಾಗದಲ್ಲಿ. ಇಂದು ಡ್ರೇಕ್, ಎಮಿನೆಮ್, ಕೆಂಡ್ರಿಕ್ ಲಮಾರ್ ಅವರ ದಾಖಲೆಗಳ ಪಟ್ಟಿ ಓದುವಾಗ ನನ್ನ ಮನಸ್ಸು ಹೋಗುವುದು ಆ ದಾಖಲೆಗಳ ಹಿಂದೆ ಎಣಿಸುತ್ತ ಕುಳಿತ ಕೈಗಳ ಕಡೆಗೆ. ಎಣಿಸುವ ಬಗೆ ಬದಲಾದಾಗಲೆಲ್ಲ ಈ ಸಂಗೀತದ ಸ್ಥಾನವೂ ಬದಲಾಗಿದೆ.

ಶುರುವಾದಾಗಂತೂ ಎಣಿಸಲು ಏನೂ ಇರಲಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಮುದಾಯ ಕೋಣೆಯಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ತೆರೆಯುವ ಮುನ್ನ ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅವಳಣ್ಣ, ಡಿಜೆ ಕೂಲ್ ಹರ್ಕ್. ಹಾಡಿನ ಮಧ್ಯೆ ಡ್ರಮ್ ಮಾತ್ರ ಕೇಳಿಸುವ ತುಣುಕು ಬಂದಾಗ ಜನ ಹೆಚ್ಚು ಕುಣಿಯುತ್ತಾರೆಂದು ಗಮನಿಸಿ, ಅದನ್ನೇ ಉದ್ದ ಮಾಡುವ ಉಪಾಯವನ್ನು ಕಂಡುಕೊಂಡವನು ಅವನು. ಮುಂದೆ ಆರು ವರ್ಷ ಈ ಸಂಗೀತ ಪಾರ್ಕುಗಳಲ್ಲಿ, ಅಂಗಳಗಳಲ್ಲಿ ನಡೆಯಿತು. ಪಾರ್ಟಿಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ದಾಟಿದವು. ಯಾವ ಪಟ್ಟಿಗೂ ಅದರ ಸುಳಿವಿಲ್ಲ.

1979ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನ ಸಿಲ್ವಿಯಾ ರಾಬಿನ್ಸನ್ ತಮ್ಮ ಷುಗರ್ ಹಿಲ್ ರೆಕಾರ್ಡ್ಸ್‌ನಿಂದ ಮೂವರು ಹುಡುಗರನ್ನು ಸೇರಿಸಿ 'ರ‍್ಯಾಪರ್ಸ್ ಡಿಲೈಟ್' ಹೊರತಂದರು. ಹದಿನಾಲ್ಕು ನಿಮಿಷ ಮೀರಿದ ಹಾಡು. ಅದರ ಬೇಸ್ ನುಡಿಸಾಣಿಕೆ ಅದೇ ವರ್ಷ ಆಗಸ್ಟಿನಲ್ಲಿ ಬಿಲ್‌ಬೋರ್ಡಿನ ಹಾಡುಗಳ ಪಟ್ಟಿಯಾದ ಹಾಟ್ 100ರ ಮೊದಲ ಸ್ಥಾನದಲ್ಲಿದ್ದ ಶೀಕ್ ತಂಡದ 'ಗುಡ್ ಟೈಮ್ಸ್'ನದು. ಕೆನಡಾ, ನೆದರ್ಲೆಂಡ್ಸ್‌ಗಳಲ್ಲಿ 'ರ‍್ಯಾಪರ್ಸ್ ಡಿಲೈಟ್' ಮೊದಲ ಸ್ಥಾನಕ್ಕೇರಿತು. ಹುಟ್ಟಿದ ದೇಶದಲ್ಲಿ 1980ರ ಜನವರಿಯಲ್ಲಿ ಅದಕ್ಕೆ ಸಿಕ್ಕಿದ್ದು 36ನೇ ಸ್ಥಾನ. ಮೂವರಲ್ಲಿ ಒಬ್ಬನಾದ ಬಿಗ್ ಬ್ಯಾಂಕ್ ಹ್ಯಾಂಕ್ ಹೇಳಿದ ಸಾಲುಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ರೆಕಾರ್ಡಿನ ಮೇಲೆ ಕ್ಯಾಜ್ ಹೆಸರಿರಲಿಲ್ಲ. ರ‍್ಯಾಪ್‌ನ ಮೊದಲ ದೊಡ್ಡ ಹಿಟ್‌ನಲ್ಲೇ ಬರೆದವನು ಲೆಕ್ಕದಿಂದ ಹೊರಗುಳಿದ. ನನಗೆ ಆ 36ಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ ಅದು.

36 ಏಕೆ ಎಂಬುದಕ್ಕೆ ಇನ್ನಷ್ಟು ಹಿಂದಕ್ಕೆ ಹೋಗಬೇಕು. ಕಪ್ಪು ಜನರ ಸಂಗೀತಕ್ಕೆ ಬಿಲ್‌ಬೋರ್ಡ್ ಮೊದಲಿನಿಂದಲೂ ಬೇರೆ ಪಟ್ಟಿಯನ್ನೇ ಇಟ್ಟಿತ್ತು. 1942ರಲ್ಲಿ ಅದರ ಹೆಸರು ಹಾರ್ಲೆಮ್ ಹಿಟ್ ಪರೇಡ್. 1945ರಲ್ಲಿ ರೇಸ್ ರೆಕಾರ್ಡ್ಸ್, ಎಂದರೆ ನೇರವಾಗಿ ಜನಾಂಗದ ಹೆಸರಿನಲ್ಲಿ. 1949ರಲ್ಲಿ ಆ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಜೆರ‍್ರಿ ವೆಕ್ಸ್‌ಲರ್ ಸೂಚಿಸಿದಂತೆ ಅದು ರಿದಮ್ ಅಂಡ್ ಬ್ಲೂಸ್ ಆಯಿತು. 1969ರಲ್ಲಿ ಸೋಲ್, 1982ರಲ್ಲಿ ಬ್ಲ್ಯಾಕ್, 1990ರಲ್ಲಿ ಮತ್ತೆ ಆರ್ ಅಂಡ್ ಬಿ. ಬಡಿಸುವ ಸಾಲಿಗೆ ಎಷ್ಟು ಸಲ ಹೆಸರು ಬದಲಿಸಿದರೂ ಕೂರಿಸಿದ್ದು ಬೇರೆ ಪಂಕ್ತಿಯಲ್ಲೇ. ಪಂಕ್ತಿಭೇದ ಎಂಬ ಮಾತು ನಮ್ಮಲ್ಲಿ ಯಾಕೆ ಹುಟ್ಟಿತೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಬೇರೆ ಪಟ್ಟಿಯಿಂದ ಕಪ್ಪು ಕಲಾವಿದರಿಗೆ ಒಂದು ಸ್ವಂತ ನೆಲ ಸಿಕ್ಕಿತೆಂಬ ವಾದವಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ಆ ನೆಲದಿಂದ ಊರಿನ ನಡುವಿಗೆ ಬರಲು, ಅಂದರೆ ಹಾಟ್ 100ಕ್ಕೆ ದಾಟಲು, ರೇಡಿಯೊದವರ ಅಪ್ಪಣೆ ಬೇಕಿತ್ತು. ರೇಡಿಯೊದವರು ರ‍್ಯಾಪ್ ಹಾಕುತ್ತಿರಲಿಲ್ಲ.

1986ರಲ್ಲಿ ರನ್-ಡಿಎಂಸಿ ತಂಡದ 'ವಾಕ್ ದಿಸ್ ವೇ' 4ನೇ ಸ್ಥಾನಕ್ಕೆ ಬಂದದ್ದು ಏರೋಸ್ಮಿತ್ ಎಂಬ ಬಿಳಿಯ ರಾಕ್ ತಂಡ ಜೊತೆಗಿದ್ದುದರಿಂದ. ಆಲ್ಬಂಗಳ ಪಟ್ಟಿಯ ತುದಿ ಮುಟ್ಟಿದ ಮೊದಲ ರ‍್ಯಾಪ್ ಆಲ್ಬಂ, 1987ರಲ್ಲಿ, ಬೀಸ್ಟಿ ಬಾಯ್ಸ್ ಎಂಬ ಮೂವರು ಬಿಳಿಯ ಹುಡುಗರದು. ಹಾಟ್ 100ರಲ್ಲಿ ಮೊದಲ ಸ್ಥಾನ ಪಡೆದ ಮೊದಲ ರ‍್ಯಾಪ್ ಹಾಡು, 1990ರ ನವೆಂಬರಿನಲ್ಲಿ, ವೆನಿಲಾ ಐಸ್ ಎಂಬ ಬಿಳಿಯ ಯುವಕನ 'ಐಸ್ ಐಸ್ ಬೇಬಿ'. ಈ ಹಾಡಿನ ಅಲೆ ಮುಂಬೈಯನ್ನೂ ತಟ್ಟಿತು. 1992ರಲ್ಲಿ ಬಾಬಾ ಸೆಹಗಲ್ ಅದೇ ಬೀಟ್ ಹಿಡಿದು 'ಠಂಡಾ ಠಂಡಾ ಪಾನಿ' ಮಾಡಿದಾಗ ನಮ್ಮ ಟಿವಿಗಳಿಗೆ ರ‍್ಯಾಪ್ ಎಂಬ ಪದ ಬಂತು. ಬ್ರಾಂಕ್ಸ್‌ನಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಅದು ಎಷ್ಟೋ ಕೈ ದಾಟಿತ್ತು.

ಇನ್ನು 1991. ಮೈಕ್ ಫೈನ್ ಮತ್ತು ಮೈಕ್ ಶಾಲೆಟ್ ಎಂಬಿಬ್ಬರು ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಕಟ್ಟಿದ್ದರು. ಅಂಗಡಿಯ ಗಲ್ಲಾದಲ್ಲಿ ಬಾರ್‌ಕೋಡ್ ಓದುವ ಯಂತ್ರ ಪ್ರತಿ ಮಾರಾಟವನ್ನೂ ದಾಖಲಿಸುತ್ತದೆ, ಆ ದಾಖಲೆ ಒಂದೆಡೆ ಸೇರುತ್ತದೆ. ಇನ್ನು ಯಾರನ್ನೂ ಕೇಳುವ ಅಗತ್ಯವಿಲ್ಲ. ದೊಡ್ಡ ರೆಕಾರ್ಡ್ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಆದರೂ ಮೇ 25ರ ಸಂಚಿಕೆಯಿಂದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಗೆ ಇದೇ ಲೆಕ್ಕವನ್ನು ಬಳಸಿತು. ಅಂಗಡಿಯವರ ನೆನಪಿನಲ್ಲಿ ಕೆಳಗಿದ್ದ, ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತ ದಿಢೀರನೆ ಮೇಲೆ ಬಂತು. ಹೆವಿ ಮೆಟಲ್ ಮೇಲೆ ಬಂತು. ರ‍್ಯಾಪ್ ಮೇಲೆ ಬಂತು.

ನಾಲ್ಕೇ ವಾರ ಕಳೆದಿತ್ತು. ಜೂನ್ 22ರ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನ ಎನ್‌ಡಬ್ಲ್ಯೂಎ ತಂಡದ ಎರಡನೇ ಆಲ್ಬಂ ನಂಬರ್ ಒನ್. ಇದೇ ತಂಡದ 1988ರ 'ಸ್ಟ್ರೇಟ್ ಔಟಾ ಕಾಂಪ್ಟನ್' ಹಳೆಯ ಲೆಕ್ಕದಲ್ಲಿ 37ಕ್ಕಿಂತ ಮೇಲೆ ಬಂದಿರಲಿಲ್ಲ. ಪೊಲೀಸರ ವಿರುದ್ಧದ ಒಂದು ಹಾಡಿಗಾಗಿ ಆ ಆಲ್ಬಂ ತಂದ ಕಂಪನಿಗೆ ಎಫ್‌ಬಿಐನ ಅಧಿಕಾರಿಯೊಬ್ಬರು 1989ರಲ್ಲಿ ಪತ್ರ ಬರೆದಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೆಲ್ಲ ಬಾರ್‌ಕೋಡಿನದಲ್ಲ. ಮಧ್ಯದ ವರ್ಷಗಳಲ್ಲಿ ತಂಡದ ಹೆಸರು ದೊಡ್ಡದಾಗಿತ್ತು, ವಿವಾದವೂ ಅದಕ್ಕೆ ನೆರವಾಗಿತ್ತು. ಆ ಎರಡನೇ ಆಲ್ಬಂನಲ್ಲಿ ಹೆಣ್ಣುಮಕ್ಕಳ ಬಗ್ಗೆ ಇರುವ ಮಾತುಗಳನ್ನು ನಾನು ಸಮರ್ಥಿಸಲಾರೆ. ಆದರೂ ರೇಡಿಯೊದ ಬೆಂಬಲವಿಲ್ಲದೆ ಒಂದು ರ‍್ಯಾಪ್ ಆಲ್ಬಂ ದೇಶದ ತುದಿ ಮುಟ್ಟಬಲ್ಲದು ಎಂಬುದನ್ನು ಆ ವಾರ ಎಲ್ಲರೂ ಕಂಡರು. ಕೇಳುಗರು ಹಿಂದಿನ ವಾರ ಹುಟ್ಟಿ ಬಂದವರಲ್ಲ. ಅಂಗಡಿಗಳಲ್ಲಿ ಮೊದಲೂ ಅವರೇ ಇದ್ದರು, ದುಡ್ಡು ಕೊಟ್ಟು ಕ್ಯಾಸೆಟ್ಟು ಒಯ್ದಿದ್ದರು. ಗಲ್ಲಾದ ಯಂತ್ರ ಮೊದಲ ಬಾರಿ ಅವರನ್ನು ಗಣನೆಗೆ ತೆಗೆದುಕೊಂಡಿತು. ನಮ್ಮ ಭಾಷೆಯಲ್ಲಿ ಎಣಿಸುವುದಕ್ಕೂ ಮರ್ಯಾದೆ ಕೊಡುವುದಕ್ಕೂ ಗಣನೆ ಎಂಬ ಒಂದೇ ಪದ ಇರುವುದು ಎಷ್ಟು ಸರಿ ಎನಿಸುತ್ತದೆ.

ಅಲ್ಲಿಂದ ಮುಂದಿನ ಹತ್ತು ಹದಿನೈದು ವರ್ಷಗಳ ಕತೆ ಬಹುಮಂದಿಗೆ ಗೊತ್ತಿರುವುದೇ. 1995ರಲ್ಲಿ ಕೂಲಿಯೊ ಹಾಡಿದ 'ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್' ಇಡೀ ವರ್ಷದ ಪಟ್ಟಿಯಲ್ಲೇ ಮೊದಲನೆಯದಾಯಿತು. 1998ರಲ್ಲಿ ಲಾರಿನ್ ಹಿಲ್ ಹಾಡು ನೇರವಾಗಿ ಮೊದಲ ಸ್ಥಾನದಲ್ಲೇ ಕಾಲಿಟ್ಟಿತು. ಇನ್ನೊಬ್ಬ ಕಲಾವಿದರ ನೆರವಿಲ್ಲದೆ ಮಹಿಳಾ ರ‍್ಯಾಪರ್ ಒಬ್ಬರು ಮತ್ತೆ ಆ ಸ್ಥಾನಕ್ಕೆ ಬರಲು 2017ರ ಕಾರ್ಡಿ ಬಿ ತನಕ ಕಾಯಬೇಕಾಯಿತು. ಎಮಿನೆಮ್ ಅವರ 'ಲೂಸ್ ಯುವರ್‌ಸೆಲ್ಫ್' 12 ವಾರ ತುದಿಯಲ್ಲಿ ನಿಂತು, 2003ರಲ್ಲಿ ಅತ್ಯುತ್ತಮ ಹಾಡಿನ ಆಸ್ಕರ್ ಪಡೆದ ಮೊದಲ ರ‍್ಯಾಪ್ ಹಾಡಾಯಿತು.

ಆ ಹೊತ್ತಿಗೆ ನಮ್ಮ ಕಡೆಯ ದನಿಗಳೂ ಆ ಪಟ್ಟಿಯೊಳಗೆ ನುಸುಳಿದ್ದವು. 2002ರಲ್ಲಿ 9ನೇ ಸ್ಥಾನಕ್ಕೇರಿದ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ 'ಅಡಿಕ್ಟಿವ್' ಹಾಡಿನಲ್ಲಿ ರಕೀಮ್ ಅವರ ರ‍್ಯಾಪ್ ಜೊತೆಗೆ ಕೇಳಿಸುವುದು ಲತಾ ಮಂಗೇಶ್ಕರ್ ದನಿ. 'ಜ್ಯೋತಿ' ಎಂಬ ಹಿಂದಿ ಚಿತ್ರಕ್ಕೆ ಬಪ್ಪಿ ಲಹಿರಿ ಮಾಡಿದ್ದ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದರು. ವಿಷಯ ಕೋರ್ಟಿಗೆ ಹೋಯಿತು. ಪಟ್ಟಿಯಲ್ಲಿ ಲತಾ ಹೆಸರು ಎಲ್ಲೂ ಇರಲಿಲ್ಲ. 'ರ‍್ಯಾಪರ್ಸ್ ಡಿಲೈಟ್'ನಲ್ಲಿ ಕ್ಯಾಜ್ ಅವರ ಸಾಲುಗಳಿಗೆ ಆದದ್ದೇ ಇಲ್ಲಿ ಒಂದು ದೊಡ್ಡ ಕಂಠಕ್ಕೂ ಆಯಿತು.

ಆಮೇಲೆ ಎಣಿಕೆ ಮತ್ತೆ ಬದಲಾಯಿತು. 2012ರಲ್ಲಿ ಸ್ಪಾಟಿಫೈನಂಥ ಸೇವೆಗಳ ಸ್ಟ್ರೀಮಿಂಗ್, 2013ರಲ್ಲಿ ಯೂಟ್ಯೂಬ್ ವೀಕ್ಷಣೆ ಹಾಟ್ 100ರ ಲೆಕ್ಕಕ್ಕೆ ಸೇರಿದವು. 2014ರ ಕೊನೆಯಲ್ಲಿ ಆಲ್ಬಂ ಪಟ್ಟಿಗೂ ಹೊಸ ಸೂತ್ರ ಬಂತು. ಆಗಿನ ಲೆಕ್ಕದಲ್ಲಿ ಒಂದು ಆಲ್ಬಂನ ಹಾಡುಗಳನ್ನು 1,500 ಬಾರಿ ಕೇಳಿದರೆ ಒಂದು ಪ್ರತಿ ಮಾರಿದಂತೆ. ಮೊದಲು ಒಂದು ಸಿಂಗಲ್ ಕೊಂಡರೆ ಒಂದೇ ಎಣಿಕೆ. ಮನೆಯಲ್ಲಿ ಅದನ್ನು ಸಾವಿರ ಸಲ ಹಾಕಿದರೂ ಪಟ್ಟಿಗೆ ತಿಳಿಯುತ್ತಿರಲಿಲ್ಲ. ಈಗ ಪ್ರತಿ ಸಲವೂ ಲೆಕ್ಕ. ಫೋನಿನಲ್ಲೇ ಬದುಕುವ ಹರೆಯದವರು ಕೇಳುವ ಸಂಗೀತಕ್ಕೆ ಇದು ಹಬ್ಬ. 2017ರಲ್ಲಿ ರ‍್ಯಾಪ್ ಒಳಗೊಂಡ ಹಿಪ್-ಹಾಪ್ ಮತ್ತು ಆರ್ ಅಂಡ್ ಬಿ ಸೇರಿ ಅಮೆರಿಕದಲ್ಲಿ ಅತಿ ಹೆಚ್ಚು ಕೇಳುವ ಪ್ರಕಾರವೆಂದು ನೀಲ್ಸನ್ ಸಂಸ್ಥೆ ಹೇಳಿತು. ಮರುವರ್ಷ ಡ್ರೇಕ್ ಅವರ 'ಸ್ಕಾರ್ಪಿಯನ್' ಬಂದ ವಾರ ಹಾಟ್ 100ರಲ್ಲಿ ಅವರ 27 ಹಾಡುಗಳು ಒಟ್ಟಿಗಿದ್ದವು. ಮೊದಲ ಹತ್ತರಲ್ಲಿ ಏಳು. 1964ರ ಏಪ್ರಿಲಿನಲ್ಲಿ ಬೀಟಲ್ಸ್ ಮೊದಲ ಹತ್ತರಲ್ಲಿ ಐದು ಹಾಡು ಇಟ್ಟು ಮಾಡಿದ್ದ ದಾಖಲೆ ಹೋಯಿತು. 2021ರಲ್ಲಿ ಡ್ರೇಕ್ ಮೊದಲ ಹತ್ತರಲ್ಲಿ ಒಂಬತ್ತು ಸ್ಥಾನ ಹಿಡಿದರು.

ಈ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಬೀಟಲ್ಸ್‌ನ ಐದು ಹಾಡಿಗೆ ಐದು ಸಲ ಅಂಗಡಿಗೆ ಹೋಗಿ ಐದು ಸಿಂಗಲ್ ಕೊಳ್ಳಬೇಕಿತ್ತು. ಡ್ರೇಕ್ ಆಲ್ಬಂ ಒತ್ತಿ ಬಿಟ್ಟರೆ ಇಡೀ ಸರಣಿ ತಾನೇ ಓಡುತ್ತದೆ, ಎಲ್ಲವೂ ಎಣಿಕೆಗೆ ಬೀಳುತ್ತವೆ. ಡ್ರೇಕ್ ಜನಪ್ರಿಯತೆ ಸುಳ್ಳೆಂದಲ್ಲ. ಬೇರೆ ಬೇರೆ ಕೊಳಗದಲ್ಲಿ ಅಳೆದ ಎರಡು ರಾಶಿಗಳನ್ನು ಪಕ್ಕದಲ್ಲಿಟ್ಟು ಇದು ದೊಡ್ಡದು ಎಂದರೆ ಕಣದ ಯಾವ ರೈತನೂ ಒಪ್ಪಲಾರ. ಅಳತೆ ಬದಲಾದ ಮೇಲೆ ಬೆಳೆಯೂ ಬದಲಾಯಿತು. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. ಆದ್ದರಿಂದ ಹಾಡು ಶುರುವಿನಲ್ಲೇ ಕಿವಿ ಹಿಡಿಯಬೇಕು. ಚಿಕ್ಕದಿದ್ದಷ್ಟೂ ಮತ್ತೆ ಮತ್ತೆ ಕೇಳುತ್ತಾರೆ. ಹದಿನಾಲ್ಕು ನಿಮಿಷದಿಂದ ಹೊರಟ ಪ್ರಕಾರ ಎರಡು ನಿಮಿಷದೊಳಕ್ಕೆ ಬಂತು.

1 ನಿಮಿಷ 53 ಸೆಕೆಂಡಿನ ಅಂಥ ಹಾಡೊಂದರ ಕತೆಯಲ್ಲಿ ನಾನು ಈವರೆಗೆ ಹೇಳಿದ್ದೆಲ್ಲವೂ ಇದೆ. 2018ರಲ್ಲಿ ಜಾರ್ಜಿಯಾ ರಾಜ್ಯದ ಮೊಂಟೆರೊ ಹಿಲ್‌ಗೆ ಹತ್ತೊಂಬತ್ತು ವರ್ಷ. ಕಾಲೇಜು ಬಿಟ್ಟು ಅಕ್ಕನ ಮನೆಯಲ್ಲಿದ್ದ. ಲಿಲ್ ನಾಸ್ ಎಕ್ಸ್ ಎಂದು ಹೆಸರಿಟ್ಟುಕೊಂಡು ಇಂಟರ್ನೆಟ್ಟಿನಲ್ಲಿ 30 ಡಾಲರ್ ಕೊಟ್ಟು ಒಂದು ಬೀಟ್ ಕೊಂಡ. ಅದನ್ನು ಮಾಡಿದವನು ಯಂಗ್‌ಕಿಯೊ ಎಂಬ ನೆದರ್ಲೆಂಡ್ಸ್‌ನ ಹುಡುಗ. ಅವನು ಅದರೊಳಗೆ ಸೇರಿಸಿದ್ದ ಬ್ಯಾಂಜೋ ನಾದ ನೈನ್ ಇಂಚ್ ನೇಲ್ಸ್ ಎಂಬ ರಾಕ್ ತಂಡದ 2008ರ ಆಲ್ಬಂನದು. ಅಟ್ಲಾಂಟಾದ ಸಣ್ಣ ಸ್ಟುಡಿಯೊ ಒಂದರಲ್ಲಿ 20 ಡಾಲರ್ ಬಾಡಿಗೆಗೆ, ಒಂದು ಗಂಟೆಯೊಳಗೆ ಹಾಡು ಮುಗಿಯಿತು. 'ಓಲ್ಡ್ ಟೌನ್ ರೋಡ್'. ಕುದುರೆ ಹತ್ತಿ ಊರು ಬಿಟ್ಟು ಹೊರಟ ಒಬ್ಬಂಟಿ ಕೌಬಾಯ್, ಜೊತೆಗೆ ರ‍್ಯಾಪ್‌ನ ಡ್ರಮ್. ಡಿಸೆಂಬರ್ 3ರಂದು ಅದನ್ನು ತಾನೇ ಬಿಡುಗಡೆ ಮಾಡಿ, ಪ್ರಕಾರದ ಜಾಗದಲ್ಲಿ ಕಂಟ್ರಿ ಎಂದು ನಮೂದಿಸಿದ. ಟಿಕ್‌ಟಾಕ್‌ನಲ್ಲಿ ಮಕ್ಕಳು ಅದಕ್ಕೆ ಕೌಬಾಯ್ ಟೋಪಿ ಹಾಕಿ ಕುಣಿಯತೊಡಗಿದರು.

2019ರ ಮಾರ್ಚ್ 16ರ ವಾರ ಅದು ಮೂರು ಪಟ್ಟಿಗಳಲ್ಲಿ ಒಟ್ಟಿಗೆ ಬಂತು. ಹಾಟ್ 100ರಲ್ಲಿ 83, ಆರ್ ಅಂಡ್ ಬಿ-ಹಿಪ್-ಹಾಪ್‌ನಲ್ಲಿ 36, ಕಂಟ್ರಿಯಲ್ಲಿ 19. ಆಮೇಲೆ ಬಿಲ್‌ಬೋರ್ಡ್ ಅದನ್ನು ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಇಂದಿನ ಕಂಟ್ರಿ ಸಂಗೀತದ ಅಂಶಗಳು ಅದರಲ್ಲಿ ಸಾಲದು ಎಂಬುದು ಕಾರಣ. ಜನಾಂಗಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿತು. ಎಣಿಸಲು ಯಂತ್ರ ಬಂದು ಇಪ್ಪತ್ತೆಂಟು ವರ್ಷವಾಗಿತ್ತು, ಎಷ್ಟು ಜನ ಕೇಳಿದರೆಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ತೀರ್ಮಾನಿಸುತ್ತಿದ್ದುದು ಮನುಷ್ಯರೇ. ಬಿಳಿಯ ಗಾಯಕರು ಕಂಟ್ರಿ ಹಾಡಿನಲ್ಲಿ ರ‍್ಯಾಪ್‌ನ ಬೀಟ್ ಬಳಸಿ ವರ್ಷಗಳೇ ಆಗಿದ್ದವು. ಅವರ ಕಂಟ್ರಿತನವನ್ನು ಯಾರೂ ತೂಗಿ ನೋಡಿರಲಿಲ್ಲ. ಹಾಗಾಗಿ ಪತ್ರಿಕೆಯ ಸಮಜಾಯಿಷಿ ನನಗೆ ಸಾಕಾಗುವುದಿಲ್ಲ.

ತೆಗೆದುಹಾಕಿದ ಸುದ್ದಿಯೇ ಹಾಡನ್ನು ಮನೆಮನೆಗೆ ಮುಟ್ಟಿಸಿತು. ಕಂಟ್ರಿ ಗಾಯಕ ಬಿಲ್ಲಿ ರೇ ಸೈರಸ್ ಹುಡುಗನ ಪರ ನಿಂತರು. ಏಪ್ರಿಲ್ 5ರಂದು ಅವರ ದನಿ ಸೇರಿದ ರೀಮಿಕ್ಸ್ ಬಂತು. ಏಪ್ರಿಲ್ 13ರ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನದಲ್ಲಿತ್ತು. ಮರುವಾರ ಅಮೆರಿಕದೊಳಗೇ 14.3 ಕೋಟಿ ಸ್ಟ್ರೀಮ್. ಅದುವರೆಗಿನ ದಾಖಲೆ ಡ್ರೇಕ್ ಹೆಸರಲ್ಲಿದ್ದ 11.6 ಕೋಟಿ. ಟೇಲರ್ ಸ್ವಿಫ್ಟ್ ಅವರ ಎರಡು ಹಾಡು, ಎಡ್ ಶೀರನ್ ಮತ್ತು ಜಸ್ಟಿನ್ ಬೀಬರ್ ಸೇರಿ ಹಾಡಿದ ಇನ್ನೊಂದು, ಎಲ್ಲವೂ ಎರಡನೇ ಸ್ಥಾನದವರೆಗೆ ಬಂದು ನಿಂತವು. ಲಿಲ್ ನಾಸ್ ಎಕ್ಸ್ ಕೂಡ ಸುಮ್ಮನೆ ಕೂರಲಿಲ್ಲ. ರೀಮಿಕ್ಸ್‌ಗಳೆಲ್ಲ ಒಂದೇ ಹಾಡಿನ ಲೆಕ್ಕಕ್ಕೆ ಸೇರುತ್ತವೆಂಬ ನಿಯಮ ಅವನಿಗೆ ಗೊತ್ತಿತ್ತು. ಡಿಪ್ಲೊ ಜೊತೆ ಒಂದು, ಯಂಗ್ ಥಗ್ ಮತ್ತು ಮೇಸನ್ ರ‍್ಯಾಮ್ಸಿ ಎಂಬ ಪುಟ್ಟ ಹುಡುಗನ ಜೊತೆ ಒಂದು, ಕೊರಿಯಾದ ಬಿಟಿಎಸ್ ತಂಡದ ಆರ್‌ಎಂ ಜೊತೆ ಮತ್ತೊಂದು. ಜೂನ್ 30ರಂದು, ಹಾಡು ಇನ್ನೂ ತುದಿಯಲ್ಲಿರುವಾಗಲೇ, ತಾನು ಸಲಿಂಗಿ ಎಂದು ಬಹಿರಂಗವಾಗಿ ತಿಳಿಸಿದ. ರ‍್ಯಾಪ್ ಮತ್ತು ಕಂಟ್ರಿ ಎರಡೂ ಲೋಕಗಳಲ್ಲಿ ಅದು ಸುಲಭದ ಮಾತಲ್ಲ. ಹಾಡು ಕೆಳಗಿಳಿಯಲಿಲ್ಲ.

19 ವಾರ. ಮರಾಯಾ ಕ್ಯಾರಿ ಮತ್ತು ಬಾಯ್ಸ್ ಟು ಮೆನ್ ಸೇರಿ 1995-96ರಲ್ಲಿ ಮಾಡಿ, 2017ರಲ್ಲಿ 'ಡೆಸ್ಪಾಸಿಟೊ' ಸರಿಗಟ್ಟಿದ್ದ 16 ವಾರಗಳ ದಾಖಲೆ ಮುರಿಯಿತು. ಬಿಲ್ಲಿ ಐಲಿಶ್ ಆಗಸ್ಟಿನಲ್ಲಿ ಅದನ್ನು ಕೆಳಗಿಳಿಸಿದರು. ನವೆಂಬರಿನಲ್ಲಿ ಕಂಟ್ರಿ ಸಂಗೀತದ ಸಂಘವೇ ಆ ರೀಮಿಕ್ಸ್‌ಗೆ ಒಂದು ಪ್ರಶಸ್ತಿ ಕೊಟ್ಟಿತು. 2024ರಲ್ಲಿ ನೈಜೀರಿಯಾ ಮೂಲದ ತಂದೆತಾಯಿಯ ಮಗ ಷಬೂಜಿ, ಹಳೆಯ ರ‍್ಯಾಪ್ ಹಾಡೊಂದರ ಮೇಲೆ ಕಟ್ಟಿದ 'ಎ ಬಾರ್ ಸಾಂಗ್'ನಿಂದ ಅದೇ 19 ವಾರಗಳನ್ನು ಮುಟ್ಟಿದ. ಆ ಹಾಡು ಕಂಟ್ರಿ ಪಟ್ಟಿಯಲ್ಲೂ ಮೊದಲ ಸ್ಥಾನದಲ್ಲಿತ್ತು. ಅದನ್ನು ಅಲ್ಲಿಂದ ಯಾರೂ ಎಬ್ಬಿಸಲಿಲ್ಲ.

ಇನ್ನೊಂದು ಎಣಿಕೆಯ ಸಂಗತಿ ನಮ್ಮ ದೇಶದ್ದು. 2019ರ ಜುಲೈನಲ್ಲಿ ಹಿಂದಿ ರ‍್ಯಾಪರ್ ಬಾದ್‌ಶಾ ಅವರ 'ಪಾಗಲ್' ಹಾಡು ಯೂಟ್ಯೂಬಿನಲ್ಲಿ 24 ಗಂಟೆಯಲ್ಲಿ ಏಳೂವರೆ ಕೋಟಿ ವೀಕ್ಷಣೆ ಪಡೆಯಿತು. ವಿಶ್ವದಾಖಲೆ ಎಂದು ಘೋಷಣೆಯಾಯಿತು. ಯೂಟ್ಯೂಬ್ ಅದನ್ನು ಮಾನ್ಯ ಮಾಡಲಿಲ್ಲ. ಜಾಹೀರಾತಾಗಿ ತೋರಿಸಿದ ವೀಕ್ಷಣೆಗಳೂ ಆಗ ಲೆಕ್ಕಕ್ಕೆ ಸೇರುತ್ತಿದ್ದವು, ಮತ್ತು ಹಾಗೆ ಜಾಹೀರಾತು ಹಾಕುವುದು ಇಡೀ ಉದ್ಯಮದ ರೂಢಿಯಾಗಿತ್ತು. ಸೆಪ್ಟೆಂಬರಿನಲ್ಲಿ ನಿಯಮ ತಿದ್ದಿ, 24 ಗಂಟೆಯ ದಾಖಲೆಗೆ ಜಾಹೀರಾತಿನ ವೀಕ್ಷಣೆ ಸೇರದು ಎಂದರು. ಚಂದನ್ ಶೆಟ್ಟಿ, ಆಲ್ ಓಕೆ, ಎಂಸಿ ಬಿಜ್ಜು, ಗುಬ್ಬಿ, ರಾಹುಲ್ ಡಿಟ್-ಓ ಅವರ ಕನ್ನಡ ರ‍್ಯಾಪ್ ಎಷ್ಟು ದೂರ ಹೋಯಿತೆಂದು ಅಂದಾಜು ಮಾಡಲು ನಾವು ನೋಡುವುದೂ ಆ ಯೂಟ್ಯೂಬ್ ಸಂಖ್ಯೆಯನ್ನೇ.

2025ರ ಅಕ್ಟೋಬರ್ 25ರ ಹಾಟ್ 100ರಲ್ಲಿ ಮೊದಲ 40 ಸ್ಥಾನಗಳಲ್ಲಿ ಒಂದೂ ರ‍್ಯಾಪ್ ಹಾಡಿರಲಿಲ್ಲ. 1990ರ ನಂತರ ಹಾಗಾದದ್ದು ಅದೇ ಮೊದಲು. ರ‍್ಯಾಪ್ ಮುಗಿಯಿತೆಂದು ಹಲವರು ಬರೆದರು. ಆ ವಾರ ಬಿಲ್‌ಬೋರ್ಡ್ ಹಳೆಯ ಹಾಡುಗಳನ್ನು ಪಟ್ಟಿಯಿಂದ ಬೇಗ ಹೊರಗಿಡುವಂತೆ ನಿಯಮ ಬಿಗಿಗೊಳಿಸಿತ್ತು. ವರ್ಷದ ಮೊದಲರ್ಧದಲ್ಲಿ 13 ವಾರ ತುದಿಯಲ್ಲಿದ್ದ ಕೆಂಡ್ರಿಕ್ ಲಮಾರ್ ಮತ್ತು ಎಸ್‌ಜಾ ಅವರ 'ಲೂಥರ್' ಆ ನಿಯಮಕ್ಕೆ ಸಿಕ್ಕಿ ಹೊರಬಿದ್ದಿತ್ತು. ಕೇಳುವಿಕೆ ಇಳಿದಿರುವುದೂ ನಿಜ, ಗೆರೆ ಜರುಗಿದ್ದೂ ನಿಜ.

ಇದಕ್ಕೆ ಒಂದು ವರ್ಷ ಮೊದಲು ಅದೇ ಪಟ್ಟಿಯ 23ನೇ ಸ್ಥಾನದಲ್ಲಿ ಬೆಂಗಳೂರಿನಲ್ಲಿ ನೆಲೆಸಿ ಹೆಸರು ಮಾಡಿದ ರ‍್ಯಾಪರ್ ಒಬ್ಬರ ಹಾಡಿತ್ತು. ಕೇರಳದಲ್ಲಿ ಹುಟ್ಟಿ, ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ ಬಾಲ್ಯ ಕಳೆದ ಹನುಮಾನ್‌ಕೈಂಡ್, ಅಂದರೆ ಸೂರಜ್ ಚೆರುಕಟ್. ಹೈದರಾಬಾದಿನ ಕಲ್ಮಿ ಸಂಗೀತ ಕೂಡಿಸಿದ 'ಬಿಗ್ ಡಾಗ್ಸ್' 2024ರ ಜುಲೈನಲ್ಲಿ ಬಂತು. ವಿಡಿಯೊ ಚಿತ್ರಿಸಿದ್ದು ಕೇರಳದ ಪೊನ್ನಾನಿಯಲ್ಲಿ, ನಮ್ಮ ಜಾತ್ರೆಗಳಿಗೂ ಬರುವಂಥ, ಹಲಗೆ ಗೋಡೆಯ ಮೇಲೆ ಬೈಕು ಕಾರು ಓಡಿಸುವ ಬಾವಿಯೊಳಗೆ. ಕೈಬಿಟ್ಟ ಸವಾರರು ಗೋಡೆಗೆ ಅಡ್ಡಲಾಗಿ ಸುತ್ತುತ್ತಾರೆ, ಹಲಗೆಗಳು ಅದುರುತ್ತವೆ, ಬಾವಿಯ ತಳದಲ್ಲಿ ನಿಂತು ಅವನು ಹಾಡುತ್ತಾನೆ. ಟಿಕೆಟ್ ಕೊಂಡು ಮೇಲೆ ಹತ್ತಿದವರು ಅಂಚಿಗೆ ಬಗ್ಗಿ, ಈ ಸುತ್ತು ಎಷ್ಟನೆಯದೆಂದು ಮರೆತು ನೋಡುತ್ತಾರೆ.